ಬೊಂಡಾಸದ ಮರಿ ಬೇಡ

ಮಾನ್ಯರೇ,

ಮಲ್ಪೆ, ಗಂಗೊಳ್ಳಿಯಿಂದ ಘಟ್ಟ ಹತ್ತಿ ಶಿವಮೊಗ್ಗಕ್ಕೆ ಬರುವ ಬೊಂಡಾಸದಲ್ಲಿ, ಅಂದರೆ ಸ್ಕ್ವಿಡ್ ಎಂಬ ತೋಳುಗಳುಳ್ಳ ಮೆದುಮೈಯ ಕಡಲಜೀವಿಯಲ್ಲಿ, ಹೆಬ್ಬೆರಳುದ್ದದ ಮರಿಗಳನ್ನೂ ಮಾರುವುದು ಸರಿಯಲ್ಲ. ಇದರ ಆಯುಸ್ಸು ಹೆಚ್ಚುಕಡಿಮೆ ಒಂದೇ ವರ್ಷ. ತಲೆಯೊಳಗಿನ ಪುಟ್ಟ ಸಮತೋಲನ ಕಲ್ಲಿನಲ್ಲಿ ದಿನಕ್ಕೊಂದರಂತೆ ಮೂಡುವ ಗೆರೆ ಎಣಿಸಿ ವಯಸ್ಸು ಹೇಳುತ್ತಾರೆ. ಹಳೆಯ ತಲೆಮಾರು ಕಡಲಲ್ಲಿ ಉಳಿದಿರುವುದಿಲ್ಲ. ಮರಿಗಳು ಮೊಟ್ಟೆಯಿಡುವ ಮುನ್ನವೇ ಬಲೆಗೆ ಬಿದ್ದರೆ ಮುಂದಿನ ವರ್ಷದ ಇಳುವರಿಗೇ ಕತ್ತರಿ. ಜೆಲ್ಲಿಯಂಥ ಮೊಟ್ಟೆಗೊಂಚಲು ತಳಕ್ಕೆ ಅಂಟಿರುತ್ತದೆ, ತಳ ಗೋರುವ ಟ್ರಾಲ್ ಬಲೆ ಅದನ್ನೂ ಕಿತ್ತು ತರುತ್ತದೆ. ಜೂನ್–ಜುಲೈನ 61 ದಿನಗಳ ಮೀನುಗಾರಿಕೆ ನಿಷೇಧ ಒಳ್ಳೆಯದೇ, ಆದರೆ ಇದು ಮಳೆಗಾಲದಲ್ಲಷ್ಟೇ ಮೊಟ್ಟೆಯಿಡುವ ಜೀವಿಯಲ್ಲ. ಬಲೆಯ ತುದಿಚೀಲದ ಕಣ್ಣು 35 ಮಿ.ಮೀ.ಗಿಂತ ಕಿರಿದಾಗಬಾರದು. ಕೊಳ್ಳುವವರು ತೋಳು ಬಿಟ್ಟು ಮೈಚೀಲವನ್ನಷ್ಟೇ ಅಳೆಯಲಿ, 8 ಸೆಂ.ಮೀ. ಇಲ್ಲದಿದ್ದರೆ ಬೇಡವೆನ್ನಲಿ.

– ಓದುಗರು, ತೀರ್ಥಹಳ್ಳಿ