ಬೌಲಲ್ಲಿ ಗೋಲ್ಡ್ ಫಿಶ್ ಬೇಡ, ಮನಿಪ್ಲಾಂಟ್ ಇಡಿ

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಪುರವಣಿಲಿ ಮನೆ ಅಲಂಕಾರದ ಬಗ್ಗೆ ಒಂದು ಲೇಖನ ಬಂದಿತ್ತು. ಅದ್ರ ಪಕ್ಕ ಒಂದು ಫೋಟೋ, ಟೀಪಾಯ್ ಮೇಲೆ ಗುಂಡಗಿನ ಗಾಜಿನ ಬೌಲು, ಒಳಗೆ ಎರಡು ಗೋಲ್ಡ್ ಫಿಶ್. ಫೋಟೋ ಚೆನ್ನಾಗೇ ಇತ್ತು ಬಿಡಿ, ಆದ್ರೆ ಅದನ್ನ ನೋಡಿ ಸಂಜೆನೇ ಎಷ್ಟು ಜನ ಅಂಗಡಿಗೆ ಹೋಗಿ ಬೌಲ್ ತಂದ್ರೋ ಅಂತ ಯೋಚನೆ ಆಯ್ತು, ಅದಕ್ಕೇ ಬರೀತಿದೀನಿ.

ಆರು ವರ್ಷದ ಹಿಂದೆ ನಮ್ಮ ಮಗಳು ಯಾರದೋ ಬರ್ತ್‌ಡೇಗೆ ಹೋಗಿ ರಿಟರ್ನ್ ಗಿಫ್ಟ್ ಅಂತ ಪ್ಲಾಸ್ಟಿಕ್ ಕವರಲ್ಲಿ ಒಂದು ಗೋಲ್ಡ್ ಫಿಶ್ ಹಿಡ್ಕೊಂಡು ಬಂದ್ಲು. ನಾನೂ ಓಡಿ ಹೋಗಿ ನಾಲ್ಕು ಲೀಟರ್ ಹಿಡಿಯೋ ಬೌಲ್ ತಂದೆ, ದಿನಾ ಬೆಳಗ್ಗೆ ನೀರು ಪೂರ್ತಿ ಚೆಲ್ಲಿ ಹೊಸ ನಲ್ಲಿ ನೀರು ತುಂಬ್ತಿದ್ದೆ, ತುಂಬಾ ಚೆನ್ನಾಗಿ ನೋಡ್ಕೋತಿದೀನಿ ಅಂತಲೇ ಅಂದ್ಕೊಂಡಿದ್ದೆ. ಐದನೇ ದಿನ ಮೀನು ತೇಲ್ತಿತ್ತು. ಅಂಗಡಿಯವ್ರನ್ನ ಕೇಳಿದ್ರೆ "ಇನ್ನೊಂದು ತಗೊಂಡ್ಹೋಗಿ ಸಾರ್, ಮೂವತ್ತು ರೂಪಾಯಿ ತಾನೆ" ಅಂದ್ರು.

ಆಮೇಲೆ ಗೊತ್ತಾಯ್ತು, ಗೋಲ್ಡ್ ಫಿಶ್ ಅಂದ್ರೆ ನಮ್ಮ ಗೆಂಡೆ ಮೀನಿನ ನೆಂಟ. ಸರಿಯಾಗಿ ಬೆಳೆದ್ರೆ ಗೇಣುದ್ದ ಆಗುತ್ತೆ, ಹತ್ತು ವರ್ಷಕ್ಕೂ ಮೇಲೆ ಬದುಕುತ್ತೆ, ತಿನ್ನೋದೂ ಜಾಸ್ತಿ ಗಲೀಜು ಮಾಡೋದೂ ಜಾಸ್ತಿ. ಆ ಗಲೀಜಿಂದ ಅಮೋನಿಯಾ ಬರುತ್ತೆ, ನಾಲ್ಕು ಲೀಟರಲ್ಲಿ ಅದು ವಿಷ ಆಗೋಕೆ ಒಂದೆರಡು ದಿನ ಸಾಕು. ಅಮೋನಿಯಾನ ಕರಗಿಸೋ ಬ್ಯಾಕ್ಟೀರಿಯಾ ಫಿಲ್ಟರಲ್ಲಿ, ಕಲ್ಲಲ್ಲಿ ಬೆಳೆಯೋಕೆ ನಾಲ್ಕರಿಂದ ಆರು ವಾರ ಬೇಕು, ಬೌಲಲ್ಲಿ ಫಿಲ್ಟರೇ ಇಲ್ಲ, ಜೊತೆಗೆ ನಾನು ದಿನಾ ಕ್ಲೋರಿನ್ ನೀರು ಬೇರೆ ಸುರೀತಿದ್ದೆ, ಪಾಪ ಐದು ದಿನ ಇದ್ದಿದ್ದೇ ಹೆಚ್ಚು. "ಬೌಲ್ ಸೈಜಿಗೆ ತಕ್ಕಂಗೆ ಮೀನು ಬೆಳೆಯುತ್ತೆ" ಅಂತಾರಲ್ಲ, ಅದು ಬೆಳೆಯೋದಲ್ಲ, ಕುಗ್ಗೋದು.

ಮನೆಲಿ ಜಾಗ ಕಮ್ಮಿ ಇರೋರು ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಟ್ಯಾಂಕ್ ತಗೊಳ್ಳಿ, ಲೆಕ್ಕಕ್ಕೆ 56 ಲೀಟರ್, ಕಲ್ಲು ಹಾಕಿ ಮೇಲೆ ಸ್ವಲ್ಪ ಜಾಗ ಬಿಟ್ರೆ 45 ಅಂದ್ಕೊಳ್ಳಿ. ಫಿಲ್ಟರ್ ಹಾಕಿ ಕೆಲವು ವಾರ ಬಿಟ್ಟು ಒಂದೊಂದೇ ಮೀನು ಬಿಡಿ. ಇದಕ್ಕೆ ಗಪ್ಪಿ ಸಾಕು, ಆರೋಗ್ಯ ಇಲಾಖೆಯವ್ರು ಸೊಳ್ಳೆ ಮರಿ ತಿನ್ಲಿ ಅಂತ ತೊಟ್ಟಿಗೆ ಬಿಡ್ತಾರಲ್ಲ, ಅದೇ ಜಾತಿ, ಅಂಗಡಿಲಿ ಸಿಗೋದಕ್ಕೆ ಬಾಲದ ಬಣ್ಣ ಜಾಸ್ತಿ ಅಷ್ಟೇ. ಬೋರ್‌ವೆಲ್ಲಿನ ಗಡಸು ನೀರಿಗೂ ಹೊಂದ್ಕೊಳ್ಳುತ್ತೆ. ಆದ್ರೆ ಗಂಡು ಮಾತ್ರ ತಗೊಳ್ಳಿ, ಒಂದು ಹೆಣ್ಣು ಬಂದ್ರೂ ಮುಗೀತು, ಆಮೇಲೆ ಗಂಡಿಲ್ಲದಿದ್ರೂ ಅದು ತಿಂಗಳುಗಟ್ಟಲೆ ಮರಿ ಹಾಕ್ತಾನೇ ಇರುತ್ತೆ, ನಮ್ಮನೇಲಿ ನಾಲ್ಕಿದ್ದಿದ್ದು ನಲವತ್ತಾಗಿ ನೆಂಟರು ಇಷ್ಟರಿಗೆಲ್ಲಾ ಹಂಚಿದ್ದಾಯ್ತು. ಇಲ್ಲಾಂದ್ರೆ ಜೀಬ್ರಾ ಡ್ಯಾನಿಯೋ ಆರೇಳು ತಗೊಳ್ಳಿ, ನಮ್ಮ ದೇಶದ ಮೀನೇ, ಎರಡು ಇಂಚು ಮೀರಲ್ಲ, ಬೆಂಗಳೂರಿನ ಲ್ಯಾಬ್‌ಗಳಲ್ಲೂ ಸಂಶೋಧನೆಗೆ ಇದನ್ನೇ ಸಾಕ್ತಾರೆ. ಒಂಟಿಯಾಗಿ ಇಡ್ಬೇಡಿ, ಮುಚ್ಚಳ ಮರೀಬೇಡಿ, ಹಾರುತ್ತೆ.

ಅಷ್ಟೂ ಜಾಗ ಇಲ್ಲ ಅನ್ನೋರಿಗೆ 20 ಲೀಟರಲ್ಲಿ ಒಂದೇ ಒಂದು ಗಂಡು ಫೈಟರ್. ಅಂಗಡಿಲಿ ಅದನ್ನ ಪ್ಲಾಸ್ಟಿಕ್ ಲೋಟದಲ್ಲಿ ಇಟ್ಟಿರ್ತಾರೆ, ಮೇಲೆ ಬಂದು ಗಾಳಿ ಕುಡಿಯೋ ಮೀನು ಆದ್ದರಿಂದ ಸಾಯಲ್ಲ ಅಷ್ಟೇ, ಲೋಟ ಇಷ್ಟ ಅಂತಲ್ಲ.

ಈಗ ನನಗೆ ನಿಜವಾಗಿ ಸಿಟ್ಟಿರೋ ವಿಷಯ, ಸಕ್ಕರ್ ಫಿಶ್. "ಗಾಜು ಕ್ಲೀನ್ ಮಾಡುತ್ತೆ ಸಾರ್" ಅಂತ ಎರಡು ಇಂಚಿನ ಮರಿ ಕೊಟ್ರು, ಅದು ಒಂದಡಿ ಮೀರಿ ಬೆಳೆಯುತ್ತೆ ಅಂತ ಯಾರೂ ಹೇಳ್ಲಿಲ್ಲ. ಒಂದೂವರೆ ವರ್ಷಕ್ಕೆ ಟ್ಯಾಂಕಲ್ಲಿ ತಿರುಗೋಕೂ ಜಾಗ ಇಲ್ದಂಗೆ ಆಯ್ತು, ಗಾಜು ಕ್ಲೀನ್ ಮಾಡೋದಿರ್ಲಿ ಅದರ ಹಿಕ್ಕೆ ತೆಗೆಯೋದೇ ನನ್ನ ಕೆಲಸ. ಪಕ್ಕದ ಮನೆಯವ್ರು ಕುಕ್ಕರಹಳ್ಳಿ ಕೆರೆಗೆ ಬಿಟ್ಬಿಡಿ ಪುಣ್ಯ ಬರುತ್ತೆ ಅಂದ್ರು. ಪುಣ್ಯ ಅಲ್ಲ, ಹೀಗೆ ಬಿಟ್ಟಿದ್ದೇ ಕೇರಳ, ತಮಿಳುನಾಡು, ಆಂಧ್ರದ ನೀರಲ್ಲೆಲ್ಲಾ ಹಬ್ಬಿದೆ, ಮೈಮೇಲೆ ಮುಳ್ಳಿನ ಕವಚ, ಬಲೆ ಹರಿದು ಹಾಕುತ್ತೆ, ಮೀನುಗಾರರು ಶಾಪ ಹಾಕ್ತಿದಾರೆ. ಕೊನೆಗೆ ಐದಡಿ ಟ್ಯಾಂಕ್ ಇರೋ ಒಬ್ಬರನ್ನ ಹುಡುಕಿ ಕೊಟ್ಟು ಬಂದೆ.

2017ರಲ್ಲಿ ಕೇಂದ್ರ ಸರ್ಕಾರ ಅಕ್ವೇರಿಯಂ ಅಂಗಡಿಗಳಿಗೆ ಅಂತಲೇ ನಿಯಮ ತಂದಿತ್ತು, ಬೌಲಲ್ಲಿ ಮೀನು ಇಡಬಾರದು ಅಂತಾನೂ ಅದ್ರಲ್ಲಿತ್ತು, ಆಮೇಲೆ ಹಿಂದಕ್ಕೆ ತಗೊಂಡ್ರು. ಅಂಗಡಿಯವ್ರ ಹೊಟ್ಟೆಪಾಡೂ ನೋಡ್ಬೇಕು, ಒಪ್ತೀನಿ. ನಾನು ಕೇಳೋದು ಇಷ್ಟೇ, ಪ್ರತಿ ತೊಟ್ಟಿ ಮೇಲೆ ರೇಟ್ ಬರೆದಿರ್ತಾರಲ್ಲ, ಅದ್ರ ಕೆಳಗೆ ಈ ಮೀನು ಬೆಳೆದ ಮೇಲೆ ಎಷ್ಟು ಇಂಚು ಆಗುತ್ತೆ ಅಂತ ಇನ್ನೊಂದು ಸಾಲು ಬರೀಲಿ. ಮೀನುಗಾರಿಕೆ ಇಲಾಖೆಯವ್ರು ಒಂದು ಸುತ್ತೋಲೆ ಹೊರಡಿಸಿದ್ರೆ ಆಗೋ ಕೆಲಸ, ಒಂದು ಚಾಕ್‌ಪೀಸ್ ಖರ್ಚು.

ಮತ್ತೆ ಸಂಪಾದಕರೇ, ಮುಂದಿನ ಸಲ ಆ ಟೀಪಾಯ್ ಫೋಟೋ ಹಾಕೋವಾಗ ಬೌಲಲ್ಲಿ ಮನಿಪ್ಲಾಂಟ್ ಹಾಕಿಸಿ, ಅದಕ್ಕೆ ನಾಲ್ಕು ಲೀಟರ್ ಧಾರಾಳ ಆಯ್ತು.

ಇಂತಿ,
ನಿಮ್ಮ ಓದುಗ, ಕುವೆಂಪುನಗರ, ಮೈಸೂರು