ಕೋರ್ಸಿಗೆ ಹಣ ಕಟ್ಟುವ ಮುನ್ನ

ಚಿ. ಪುಟ್ಟನಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ಡೇಟಾ ಅನಾಲಿಟಿಕ್ಸ್, ಕ್ಲೌಡ್, ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇವುಗಳಲ್ಲಿ ಯಾವುದಕ್ಕೆ ಸೇರಲಿ ಅಂತ ಕೇಳಿದ್ದೀಯ. ವಾಣಿಜ್ಯ ಓದಿದವನಿಗೆ ಐಟಿ ಕೈಹತ್ತುತ್ತದೋ ಇಲ್ಲವೋ ಎಂಬ ಅಳುಕೂ ನಿನಗಿದೆ. ಮೊದಲು ಆ ಅಳುಕು ಬಿಡು. ಲೆಕ್ಕ ಬಲ್ಲವನೆಂಬುದೇ ಇಲ್ಲಿ ನಿನ್ನ ಬಂಡವಾಳ.

ಹೇಗೆ ಅಂತ ನೋಡು. ಇನ್‌ವಾಯ್ಸ್‌ಗಳು ಒಂದು ಟೇಬಲ್‌ನಲ್ಲಿವೆ, ಗಿರಾಕಿಗಳು ಕಟ್ಟಿದ ಹಣ ಇನ್ನೊಂದರಲ್ಲಿದೆ. 10,000ದ ಒಂದು ಇನ್‌ವಾಯ್ಸ್‌ಗೆ ಗಿರಾಕಿ ಎರಡು ಕಂತಿನಲ್ಲಿ ಹಣ ಕೊಟ್ಟಿದ್ದಾನೆ. ಎರಡೂ ಟೇಬಲ್‌ಗಳನ್ನು ಹಾಗೇ ಜಾಯಿನ್ ಮಾಡಿದೆಯೋ, ಅಂದರೆ ಇನ್‌ವಾಯ್ಸ್ ನಂಬರ್ ಹಿಡಿದು ಒಂದಕ್ಕೊಂದು ಜೋಡಿಸಿದೆಯೋ, ಆ ಇನ್‌ವಾಯ್ಸ್ ಎರಡು ಸಾಲಾಗಿ ಬರುತ್ತದೆ, ಎರಡರಲ್ಲೂ 10,000. ಮೊತ್ತ ಹಾಕಿದರೆ ಮಾರಾಟ 20,000! ಎರರ್ ಬರುವುದಿಲ್ಲ, ಡ್ಯಾಶ್‌ಬೋರ್ಡಿನಲ್ಲಿ ಗೆರೆ ಚೆಂದವಾಗಿ ಮೇಲೇರಿರುತ್ತದೆ. ಕ್ವೆರಿ, ಅಂದರೆ ಡೇಟಾಬೇಸಿನಿಂದ ಮಾಹಿತಿ ಕೇಳುವ ಆದೇಶ, ಬರೆಯುವುದನ್ನು ಮಾತ್ರ ಕಲಿತವನಿಗೆ ಅನುಮಾನವೇ ಬರುವುದಿಲ್ಲ. ಲೆಡ್ಜರಿನ ಜೊತೆ ತಾಳೆ ನೋಡುವ ಅಭ್ಯಾಸವಿದ್ದವನಿಗೆ ಥಟ್ಟನೆ ಗೊತ್ತಾಗುತ್ತದೆ. ಅದನ್ನು ಸರಿಪಡಿಸುವುದೂ ಬಂದರೆ, ಅಂದರೆ ಪಾವತಿಗಳನ್ನು ಮೊದಲು ಇನ್‌ವಾಯ್ಸ್ ನಂಬರಿನ ಪ್ರಕಾರ ಗ್ರೂಪ್ ಮಾಡಿ, ಒಂದಕ್ಕೆ ಒಂದೇ ಸಾಲು ಉಳಿಸಿಕೊಂಡು, ಆಮೇಲೆ ಜಾಯಿನ್ ಮಾಡುವುದು ಬಂದರೆ, ಅಂಥವನನ್ನು ಯಾವ ಕಚೇರಿಯೂ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ ಕಣೋ.

ಅದಕ್ಕೇ ಡೇಟಾ ಕಡೆ ಹೋಗು ಅನ್ನುತ್ತೇನೆ. ಎಐ ಕ್ವೆರಿ ಬರೆದುಕೊಡುವಾಗ ಇದನ್ನೆಲ್ಲ ಕಲಿಯಬೇಕಾ ಅಂದೆಯಲ್ಲ, ಈಗಲೇ ಹೆಚ್ಚು ಕಲಿಯಬೇಕು. ಗಿರಾಕಿ ಕಂತಿನಲ್ಲಿ ಕಟ್ಟುತ್ತಾನೆ ಅಂತ ನೀನು ಹೇಳದಿದ್ದರೆ ಅದಕ್ಕೆ ತಿಳಿಯುವುದು ಹೇಗೆ? ಅದು ಬರೆದದ್ದು ಸರಿಯೋ ತಪ್ಪೋ ಎಂದು ನೋಡಿ ಹೊಣೆ ಹೊರುವವನು ನೀನೇ.

ಟೂಲ್‌ನ ಹೆಸರು ನೋಡಿ ಕೋರ್ಸ್ ಆರಿಸಬೇಡ. ಕ್ವೆರಿ ಬರೆಯುವ ಎಸ್‌ಕ್ಯೂಎಲ್ ಭಾಷೆಯನ್ನು ಐಬಿಎಂನ ಚೇಂಬರ್ಲಿನ್ ಮತ್ತು ಬಾಯ್ಸ್ ಮೊದಲು ವಿವರಿಸಿದ್ದು 1974ರಲ್ಲಿ, ಆಗ ಅದರ ಹೆಸರು ಸೀಕ್ವೆಲ್. ನೀನು ಕಲಿತ ಜಮಾ-ಖರ್ಚಿನ ದ್ವಿನಮೂದು ಪದ್ಧತಿಯನ್ನು ಇಟಲಿಯ ಗಣಿತಜ್ಞ ಲೂಕಾ ಪಾಚೋಲಿ ವೆನಿಸ್‌ನಲ್ಲಿ ಅಚ್ಚು ಹಾಕಿಸಿದ್ದು 1494ರಲ್ಲಿ. ಎಷ್ಟೋ ಸಾಫ್ಟ್‌ವೇರ್ ಬಂದುಹೋದರೂ ಇವೆರಡೂ ಇವತ್ತಿಗೂ ದಿನಬಳಕೆಯಲ್ಲಿವೆ. ನಿನ್ನ ಶ್ರಮದ ಹೆಚ್ಚಿನ ಪಾಲು ಇಂಥವಕ್ಕೆ ಹೋಗಲಿ. ಡ್ಯಾಶ್‌ಬೋರ್ಡ್ ಟೂಲ್ ಯಾವುದಾದರೂ ಒಂದು ಸಾಕು, ಇನ್ನೊಂದು ಬೇಕಾದಾಗ ತಾನೇ ಬರುತ್ತದೆ.

ಸರ್ಟಿಫಿಕೇಟ್ ಬೇಡ ಅನ್ನುವುದಿಲ್ಲ, ಆದರೆ ಅದಕ್ಕೂ ವಾಯಿದೆ ಉಂಟು. ಸಿಸ್ಕೋದ ನೆಟ್‌ವರ್ಕಿಂಗ್ ಸರ್ಟಿಫಿಕೇಟ್ ಸಿಸಿಎನ್ಎ ಮೂರು ವರ್ಷ ನಡೆಯುತ್ತದೆ. ಮೈಕ್ರೋಸಾಫ್ಟ್‌ನ ಅಸೋಸಿಯೇಟ್ ಮಟ್ಟದವನ್ನು ವರ್ಷಕ್ಕೊಮ್ಮೆ ಆನ್‌ಲೈನ್ ಪರೀಕ್ಷೆ ಬರೆದು ನವೀಕರಿಸಬೇಕು, ಅದಕ್ಕೆ ಶುಲ್ಕವಿಲ್ಲ. ಇನ್ನು ಪ್ರಾಜೆಕ್ಟ್ ಮ್ಯಾನೇಜ್‌ಮೆಂಟಿನ ಸರ್ಟಿಫಿಕೇಟ್ ಪಿಎಂಪಿ ನಿನಗೆ ಈಗ ಸಿಗುವಂಥದ್ದೇ ಅಲ್ಲ, ಪದವೀಧರರಿಗೂ ಸಾಮಾನ್ಯವಾಗಿ ಮೂರು ವರ್ಷ ಪ್ರಾಜೆಕ್ಟ್ ಮುನ್ನಡೆಸಿದ ಅನುಭವ ಕೇಳುತ್ತಾರೆ. ಅನುಭವವಿಲ್ಲದ ನಿನ್ನನ್ನು ನೇರ ಅದಕ್ಕೇ ಸೇರಿಸಿಕೊಳ್ಳಲು ಮುಂದಾಗುವ ಸಂಸ್ಥೆಯ ಹತ್ತಿರ ಸುಳಿಯಬೇಡ. ಪರೀಕ್ಷೆಯ ಪ್ರಶ್ನೆಗಳನ್ನು ಕದ್ದು ಮಾರುವ 'ಡಂಪ್'ಗಳ ಸಹವಾಸವಂತೂ ಬೇಡವೇ ಬೇಡ.

ಸೇರುವ ಮುನ್ನ ಅಲ್ಲಿ ಒಂದೇ ಮಾತು ಕೇಳು: ನಾನು ಮಾಡಿದ ಕೆಲಸವನ್ನು ತಿದ್ದುವವರು ಯಾರು? ವಿಡಿಯೋ ನೋಡುವಾಗ ಎಲ್ಲ ಅರ್ಥವಾದ ಹಾಗೆಯೇ ಇರುತ್ತದೆ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಓದಿದ ಐದು ನಿಮಿಷಕ್ಕೆ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ವಾರ ಕಳೆದ ಮೇಲೆ ನೋಡಿದರೆ, ಪುಟ ಮುಚ್ಚಿ ನೆನಪಿನಿಂದ ಬರೆದು ನೋಡಿದ್ದವರಿಗೇ ಹೆಚ್ಚು ಉಳಿದಿತ್ತು. ನೀನೂ ವಿಡಿಯೋ ನಿಲ್ಲಿಸಿ, ಖಾಲಿ ಸ್ಕ್ರೀನಿನಲ್ಲಿ ಬರೆದು ನೋಡು. ಕೈ ತಡವರಿಸುತ್ತದೆ, ತಡವರಿಸಲಿ.

ಸದ್ಯಕ್ಕೆ ಎಲ್ಲಿಗೂ ಹಣ ಕಟ್ಟಬೇಡ. ಎಸ್‌ಕ್ಯೂಎಲೈಟ್ ಎಂಬ ಪುಟ್ಟ ಡೇಟಾಬೇಸ್ ಉಚಿತವಾಗಿ ಸಿಗುತ್ತದೆ, ಇಳಿಸಿಕೊ. ನಾನು ಹೇಳಿದ ಎರಡು ಟೇಬಲ್‌ಗಳನ್ನು ನೀನೇ ಕಟ್ಟು. ಇಪ್ಪತ್ತು ಇನ್‌ವಾಯ್ಸ್ ಇರಲಿ, ಕೆಲವಕ್ಕೆ ಎರಡು ಕಂತು, ಒಂದೆರಡಕ್ಕೆ ಹಣ ಬಂದೇ ಇಲ್ಲ. ಒಟ್ಟು ಮಾರಾಟ ಎಷ್ಟು, ಬರಬೇಕಾದ ಬಾಕಿ ಎಷ್ಟು ತೆಗೆ, ಕೈಲೆಕ್ಕದ ಜೊತೆ ತಾಳೆ ನೋಡು. ಹಣ ಬಾರದ ಇನ್‌ವಾಯ್ಸ್ ಪಟ್ಟಿಯಿಂದಲೇ ಮಾಯವಾದರೆ ಗಾಬರಿಯಾಗಬೇಡ, ಜೋಡಿ ಸಿಗದ ಎಡ ಟೇಬಲಿನ ಸಾಲನ್ನೂ ಉಳಿಸಿಕೊಳ್ಳುವ ಲೆಫ್ಟ್ ಜಾಯಿನ್ ಬಗ್ಗೆ ಓದು. ಬರೆದ ಕ್ವೆರಿಗಳನ್ನು ತಪ್ಪಿದ್ದರೂ ತಿದ್ದದೆ ನನಗೆ ಕಳಿಸು, ಭಾನುವಾರ ಫೋನ್ ಮಾಡಿ ಒಂದೊಂದಾಗಿ ನೋಡೋಣ.

ನಿನ್ನ ದೊಡ್ಡಮ್ಮ