ಪುಟ್ಟಿ, ಲ್ಯಾಪ್‌ಟಾಪ್ ಅಷ್ಟು ಬೇಗ ಮುಚ್ಚಬೇಡ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಬೆಲ್ಲೀನಿಯ 'ನೋರ್ಮಾ' ಆಪೆರಾ ನೋಡಲು ಕೂತು, 'ಕಾಸ್ತಾ ದೀವಾ' ಹಾಡು ಮುಗಿದ ತಕ್ಷಣ ಲ್ಯಾಪ್‌ಟಾಪ್ ಮುಚ್ಚಿ ಮಲಗಿದೆ ಅಂತ ಬರೆದಿದ್ದೀಯ. ಮೇಲೆ ಒಂದು ಪ್ರಶ್ನೆ ಬೇರೆ. ಆ ಹಾಡು ಯೂಟ್ಯೂಬಲ್ಲಿ ಬಿಡಿಯಾಗಿ ಸಿಗುತ್ತದೆ, ಉಳಿದ ಎರಡೂವರೆ ಗಂಟೆ ಯಾಕೆ ಕೂರಬೇಕು ದೊಡ್ಡಪ್ಪ ಅಂತ. ಫೋನಲ್ಲಿ ಹೇಳೋಣ ಅಂದರೆ ನೀನು ಅರ್ಧಕ್ಕೇ "ಸರಿ ಸರಿ" ಅಂದುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಮಿಲಾನ್‌ನಲ್ಲಿ ಕೂತಿರುವವಳು ನೀನು, ಧಾರವಾಡದಲ್ಲಿ ಕೂತು ಆಪೆರಾ ಬಗ್ಗೆ ಹೇಳುತ್ತಿರುವವನು ನಾನು, ನಗಬೇಡ. ಮುಂಬೈನಲ್ಲಿ ಕೆಲಸದಲ್ಲಿದ್ದಾಗ ಎನ್‌ಸಿಪಿಎ ಕಲಾಕೇಂದ್ರದಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾ ಮಂದಿರದ, ಮೆಟ್ ಅಂತಾರಲ್ಲ, ಅದರ ಪ್ರದರ್ಶನಗಳನ್ನು ಪರದೆ ಮೇಲೆ ತೋರಿಸುತ್ತಿದ್ದರು. ಹುಚ್ಚು ಹತ್ತಿದ್ದು ಅಲ್ಲಿ. ಆಮೇಲೆ ಡಿವಿಡಿ, ಈಗ ಇಂಟರ್‌ನೆಟ್ಟು.

ನೀನು ಮುಚ್ಚಿದ ಜಾಗ ಇದೆಯಲ್ಲ, ಸರಿಯಾಗಿ ಅಲ್ಲೇ ನೋರ್ಮಾ ಬಾಯಿ ಬಿಡುತ್ತಾಳೆ. ಅಲ್ಲಿಯವರೆಗೆ ಅವಳು ಆಡಿದ್ದೆಲ್ಲ ಊರಿಗೆ ಕಾಣಿಸುವ ಮಾತು. ನೋಡು, ಗಾಲ್ ನಾಡಿನ, ಅಂದರೆ ಈಗಿನ ಫ್ರಾನ್ಸಿನ ಕಡೆಯ ಜನ ರೋಮನ್ನರ ಮೇಲೆ ಬೀಳಲು ತುದಿಗಾಲಲ್ಲಿ ನಿಂತಿದ್ದಾರೆ. ಅರ್ಚಕಿ ನೋರ್ಮಾ, ಇನ್ನೂ ಕಾಲ ಬಂದಿಲ್ಲ ಅಂತ ಅವರನ್ನು ತಡೆದು, ಬೆಳದಿಂಗಳಲ್ಲಿ ನಿಂತು ಶಾಂತಿ ಕೊಡು ತಾಯಿ ಅಂತ ಹಾಡುತ್ತಾಳೆ. ನೀನು ಕೇಳಿದ್ದು ಇಷ್ಟು. ಹಾಡು ನಿಂತ ಮೇಲೆ ಜನ ಮತ್ತೆ ಕೂಗುತ್ತಾರೆ, ಯುದ್ಧ ಆದರೆ ಮೊದಲು ಸಾಯಬೇಕಾದವನು ಆ ರೋಮನ್ ಅಧಿಕಾರಿ ಪೊಲ್ಲಿಯೋನೆ ಅಂತ. ಅವನನ್ನು ನಾನು ಶಿಕ್ಷಿಸಬಲ್ಲೆ ಅಂತ ಇವಳು ಎಲ್ಲರ ಎದುರು ಹೇಳುತ್ತಾಳೆ, ಮರುಗಳಿಗೆಯಲ್ಲೇ ತನ್ನೊಳಗೆ, ಆದರೆ ಮನಸ್ಸು ಒಪ್ಪುವುದಿಲ್ಲವಲ್ಲ ಅನ್ನುತ್ತಾಳೆ. ಲಯ ಚುರುಕಾಗುತ್ತದೆ. ಸುತ್ತ ಜನ ರಕ್ತ ಬೇಕು ಅಂತ ಹಾಡುತ್ತಿರುವಾಗ ಅವಳು ಮನಸ್ಸಲ್ಲೇ ಆ ಶತ್ರುವನ್ನು, ನನ್ನ ಹತ್ತಿರ ವಾಪಸ್ ಬಾ ಅಂತ ಕರೆಯುತ್ತಾಳೆ. ಅವನಿಂದ ಅವಳಿಗೆ ಎರಡು ಮಕ್ಕಳು, ಗುಟ್ಟಾಗಿ. ಅವನು ಆಗಲೇ ಇನ್ನೊಬ್ಬಳ ಹಿಂದೆ ಬಿದ್ದಿದ್ದಾನೆ ಅನ್ನುವುದು ನೋಡುವ ನಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ.

ಹಾಗಾದರೆ ಆ ಶಾಂತಿ ಬೇಕಾಗಿದ್ದು ಯಾರಿಗೆ? ನಾಡಿಗಾ, ಅವಳಿಗಾ? ತುಣುಕು ನೋಡಿದವರಿಗೆ ಈ ಪ್ರಶ್ನೆಯೇ ಬರುವುದಿಲ್ಲ. ಅವರಿಗೆ ಅದು ಬೆಳದಿಂಗಳ ಭಜನೆ. ವಿಲಂಬಿತ್ ಕೇಳಿ ದ್ರುತ್ ಶುರುವಾಗುವ ಮೊದಲೇ ಚಪ್ಪಲಿ ಹುಡುಕುವವರನ್ನು ನಮ್ಮ ಧಾರವಾಡದ ಬೈಠಕ್‌ಗಳಲ್ಲಿ ನೀನೂ ನೋಡಿದ್ದೀಯ.

ಇದು 'ನೋರ್ಮಾ' ಒಂದರ ಮಾತಲ್ಲ. ಬೆಲ್ ಕಾಂತೋ, ಅಂದರೆ ಚಂದದ ಹಾಡುಗಾರಿಕೆ, ಅನ್ನುವ ಶೈಲಿಯಲ್ಲಿ ಆಪೆರಾ ಬರೆದ ಇಟಲಿಯ ರೊಸ್ಸೀನಿ, ಡೊನಿಝೆಟ್ಟಿ, ಬೆಲ್ಲೀನಿ ಮೂವರೂ ಹೆಚ್ಚುಕಡಿಮೆ ಇದೇ ಕಟ್ಟು ಬಳಸಿದವರು. ಮೊದಲು ನಿಧಾನದ ಹಾಡು. ನಡುವೆ ಏನೋ ಒಂದು ಸುದ್ದಿ, ಗಲಾಟೆ, ಯಾರೋ ಬರುವುದು. ಅದರಿಂದ ಮನಸ್ಸು ತಿರುಗಿ ಕಬಲೆತ್ತಾ ಅನ್ನುವ ವೇಗದ ಹಾಡು. ಆ ಕಬಲೆತ್ತಾವನ್ನು ಎರಡು ಸಲ ಹಾಡುತ್ತಾರೆ. ಮೊದಲ ಸಲ ಬರೆದಿದ್ದಂತೆ, ಎರಡನೇ ಸಲ ಗಾಯಕಿ ತನ್ನದೇ ಬೆಡಗು ಸೇರಿಸಿ. ಪುಟ್ಟಿ, ಆ ಎರಡನೇ ಸಲಕ್ಕೆ ಕಾಯುವುದನ್ನು ಕಲಿ. ಹಳೆಯ ಎಷ್ಟೋ ಪ್ರದರ್ಶನಗಳಲ್ಲಿ ಅದನ್ನೇ ಕತ್ತರಿಸಿಬಿಡುತ್ತಿದ್ದರು, ಹೇಳಿದ್ದನ್ನೇ ಯಾಕೆ ಹೇಳುವುದು ಅಂತ. ನನ್ನ ಕೇಳಿದರೆ ಕತ್ತರಿಸಿದವರಿಗೆ ಕಿವಿ ಇರಲಿಲ್ಲ.

ಇನ್ನೊಂದು ಉದಾಹರಣೆ ಕೊಡುತ್ತೇನೆ. ಡೊನಿಝೆಟ್ಟಿಯ 'ಲೆಲಿಸಿರ್ ದಮೋರೆ', 1832ರದ್ದು, ಹಳ್ಳಿಯ ಪೆದ್ದ ಹುಡುಗನೊಬ್ಬ ಪ್ರೀತಿಯ ಮದ್ದು ಅಂತ ಸುಮ್ನೆ ಅಗ್ಗದ ವೈನು ಕುಡಿಯುವ ಕತೆ. ಅದರ 'ಉನಾ ಫುರ್ತಿವಾ ಲಾಗ್ರಿಮಾ' ಹಾಡನ್ನು ಮದುವೆ ವಿಡಿಯೊದಿಂದ ಹಿಡಿದು ಜಾಹೀರಾತಿನವರೆಗೆ ಎಲ್ಲ ಕಡೆ ಹಾಕುತ್ತಾರೆ. ಬಸೂನ್ ಅನ್ನುವ ಊದುವ ವಾದ್ಯ ಅಳುವ ಹಾಗೆ ಶುರುವಾಗುತ್ತದಲ್ಲ, ಕೇಳಿದವರೆಲ್ಲ ವಿರಹದ ಹಾಡು ಅಂದುಕೊಳ್ಳುತ್ತಾರೆ. ಆದರೆ ಆ ಹುಡುಗನಿಗೆ ಆಗಷ್ಟೇ ಗೊತ್ತಾಗಿರುವುದು ಅವಳೂ ತನ್ನನ್ನು ಪ್ರೀತಿಸುತ್ತಾಳೆ ಅಂತ! ಅವಳ ಕಣ್ಣಲ್ಲಿ ಒಂದು ಹನಿ ನೀರು ಕಂಡಿದ್ದಾನೆ, ಇನ್ನೇನೂ ಬೇಡ, ಸತ್ತರೂ ಪರವಾಗಿಲ್ಲ ಅನ್ನುತ್ತಿದ್ದಾನೆ. ಅದಕ್ಕೆ ಮುಂಚಿನ ಒಂದೂವರೆ ಗಂಟೆಯ ಪೆದ್ದುತನ ನೋಡಿ ನಕ್ಕವರಿಗೆ ಮಾತ್ರ ಆ ಹಾಡು ಎದೆಗೆ ತಾಗುತ್ತದೆ. 2005ರಲ್ಲಿ ವಿಯೆನ್ನಾದಲ್ಲಿ ಚಿತ್ರೀಕರಿಸಿದ ಪ್ರದರ್ಶನ ಸಿಗುತ್ತದೆ, ಆನ್ನಾ ನೆಟ್ರೆಬ್ಕೊ, ರೊಲಾಂಡೊ ವಿಯಾಝೋನ್ ಜೋಡಿ. ಹಾಡು ಮುಗಿದ ಮೇಲೆ ಜನ ಬಿಡುವುದೇ ಇಲ್ಲ, ಅವನು ಅಲ್ಲೇ ಇನ್ನೊಮ್ಮೆ ಹಾಡುತ್ತಾನೆ. ಅಂಥದ್ದನ್ನು ರೆಕಾರ್ಡಿನಿಂದ ತೆಗೆಯದೆ ಉಳಿಸಿದ್ದಕ್ಕೆ ಆ ಪುಣ್ಯಾತ್ಮರಿಗೆ ನಮಸ್ಕಾರ. ನೀನು ಮೊದಲು ನೋಡಬೇಕಾದದ್ದು ಇದು. 'ನೋರ್ಮಾ' ಆಮೇಲೆ.

ಈಗ ಕ್ಯಾಮೆರಾದ ವಿಷಯ. ಥಿಯೇಟರಿನಲ್ಲಿ ಕೂತರೆ ಎಲ್ಲಿ ನೋಡಬೇಕು ಅನ್ನುವುದು ನಿನ್ನ ಇಷ್ಟ. ವಿಡಿಯೊದಲ್ಲಿ ಅದನ್ನು ಬೇರೊಬ್ಬರು ತೀರ್ಮಾನಿಸಿರುತ್ತಾರೆ. ಅದು ಗೊತ್ತಿರಲಿ. ಗಾಯಕಿ ಒಂದೇ ಉಸಿರಿನಲ್ಲಿ ಉದ್ದನೆಯ ಸಾಲು ಎಳೆಯುತ್ತಿರುವಾಗ ಕ್ಯಾಮೆರಾ ಸುಮ್ಮನಿರಬೇಕು. ಅದರ ನಡುವೆ ಪಿಟೀಲಿನವನಿಗೆ ಹಾರಿ, ಅಲ್ಲಿಂದ ದೀಪಕ್ಕೆ ಹಾರಿ, ಮತ್ತೆ ಅವಳ ಮೂಗಿಗೆ ಬಂದರೆ ಆ ಉಸಿರು ಎಷ್ಟುದ್ದ ಅನ್ನುವುದೇ ನಮಗೆ ತಿಳಿಯುವುದಿಲ್ಲ. ಬ್ರಯಾನ್ ಲಾರ್ಜ್ ಅಂತ ಒಬ್ಬರು ಬ್ರಿಟಿಷ್ ನಿರ್ದೇಶಕರು, ಸಂಗೀತವನ್ನೇ ಓದಿದ ಮನುಷ್ಯ, ಆಪೆರಾವನ್ನು ಪರದೆಗೆ ತಂದವರಲ್ಲಿ ಹಿರಿಯರು. ಅವರ ಹೆಸರು ಕಂಡರೆ ಧೈರ್ಯವಾಗಿ ಕೂರಬಹುದು. ಈಗಿನ ಕೆಲವು ನೇರ ಪ್ರಸಾರಗಳಲ್ಲಿ ಕ್ಲೋಸ್‌ಅಪ್ ಚಟ ಜಾಸ್ತಿ. ಇಪ್ಪತ್ತು ಮೀಟರ್ ದೂರದವರಿಗೆ ಅಂತ ಹಾಕಿದ ಮೇಕಪ್ಪು, ಇಡೀ ಸಭೆಗೆ ಕೇಳಲಿ ಅಂತ ತೆರೆದ ಬಾಯಿ, ಅದನ್ನು ಒಂದಡಿ ದೂರದಿಂದ ತೋರಿಸಿದರೆ ಏನು ಚಂದ?

ಹಾಗಂತ ಕ್ಯಾಮೆರಾವನ್ನು ಬೈಯುತ್ತಲೇ ಇರಬೇಡ. ಮೆಟ್‌ನವರು ಸಿನಿಮಾ ಮಂದಿರಗಳಿಗೆ ನೇರ ಪ್ರಸಾರ ಶುರು ಮಾಡಿದ್ದು 2006ರ ಡಿಸೆಂಬರ್ 30ರಂದು. ಮರುವಾರವೇ ಬೆಲ್ಲೀನಿಯ 'ಇ ಪುರಿತಾನಿ' ತೋರಿಸಿದರು. ಮದುವೆಯ ದಿನ ವರ ಬಿಟ್ಟುಹೋದ ಎಲ್ವೀರಾಗೆ ಬುದ್ಧಿ ಕೆಡುತ್ತದೆ, ಆ ದೃಶ್ಯದಲ್ಲಿ ನೆಟ್ರೆಬ್ಕೊ ವೇದಿಕೆಯ ಅಂಚಿನಲ್ಲಿ ಅಂಗಾತ ಮಲಗಿ, ತಲೆಯನ್ನು ವಾದ್ಯದವರಿದ್ದ ಗುಂಡಿಯ ಕಡೆ ಇಳಿಬಿಟ್ಟು ಹಾಡುತ್ತಾಳೆ. ಬಾಲ್ಕನಿಯವರಿಗೆ ಅದು ಕೂದಲು ಕೆದರಿದ ಒಂದು ಆಕಾರ ಮಾತ್ರ. ನಮಗೆ ಆ ಕತ್ತಿನ ನರಗಳೂ ಕಾಣುತ್ತವೆ.

ಕಣ್ಣು ಮೋಸ ಮಾಡುವುದೂ ಉಂಟು. ಜೋನ್ ಸದರ್ಲೆಂಡ್ ಮೆಟ್‌ನಲ್ಲಿ 'ಲೂಚಿಯಾ ದಿ ಲಾಮ್ಮೆರ್‌ಮೂರ್' ಹಾಡಿದ 1982ರ ವಿಡಿಯೊ ಹಾಕಿದರೆ ಮೊದಲ ಐದು ನಿಮಿಷ ನೀನು ನಗುತ್ತೀಯ, ಗೊತ್ತು. ಆಗ ಅವರಿಗೆ 56. ಲೂಚಿಯಾ ಎಳೆ ಹುಡುಗಿ. ಅಣ್ಣ ಬಲವಂತದ ಮದುವೆ ಮಾಡಿಸಿದ್ದಾನೆ, ಮೊದಲ ರಾತ್ರಿಯೇ ಗಂಡನನ್ನು ಇರಿದು, ರಕ್ತ ಮೆತ್ತಿದ ಬಟ್ಟೆಯಲ್ಲಿ ಅತಿಥಿಗಳ ನಡುವೆ ಬಂದು ನಿಲ್ಲುತ್ತಾಳೆ. ಈ ಪಾತ್ರದಿಂದಲೇ ಸದರ್ಲೆಂಡ್ 1959ರಲ್ಲಿ ಲಂಡನ್ನಿನಲ್ಲಿ ಹೆಸರಾದದ್ದು. ಹುಚ್ಚಿನ ಆ ದೃಶ್ಯ ಬಂದಾಗ ಒಂದು ನಿಮಿಷ ಕಣ್ಣು ಮುಚ್ಚಿ, ಕೊಳಲಿನ ಜೊತೆ ಅವರ ಗಂಟಲು ನಡೆಯುವುದನ್ನು ಕೇಳು. ವಯಸ್ಸಿನ ಲೆಕ್ಕ ಬಿಟ್ಟುಹೋಗುತ್ತದೆ. ಅಂದಹಾಗೆ ಡೊನಿಝೆಟ್ಟಿ ಅಲ್ಲಿ ಮೊದಲು ಬರೆದಿದ್ದು ಕೊಳಲಿಗಲ್ಲ, ಗ್ಲಾಸ್ ಹಾರ್ಮೋನಿಕಾ ಅನ್ನುವ ಗಾಜಿನ ವಾದ್ಯಕ್ಕೆ. ಈಗ ಕೆಲವರು ಅದನ್ನೇ ಮತ್ತೆ ತಂದಿದ್ದಾರೆ, ಕೇಳಿದರೆ ಮೈ ಜುಂ ಅನ್ನುತ್ತದೆ. 'ಲೂಚಿಯಾ' ನೇಪಲ್ಸ್‌ನಲ್ಲಿ ಮೊದಲು ಆಡಿದ್ದು 1835ರ ಸೆಪ್ಟೆಂಬರ್ 26ಕ್ಕೆ. ಮೂರೇ ದಿನ ಮುಂಚೆ ಪ್ಯಾರಿಸ್ ಹತ್ತಿರ ಬೆಲ್ಲೀನಿ ತೀರಿಕೊಂಡಿದ್ದ, ಇನ್ನೂ 34 ತುಂಬಿರಲಿಲ್ಲ.

ಇದೇ ಲೂಚಿಯಾವನ್ನು ನಿರ್ದೇಶಕ ಸೈಮನ್ ಸ್ಟೋನ್ 2022ರಲ್ಲಿ ಮೆಟ್‌ಗೆ ಮಾಡಿದಾಗ ಸ್ಕಾಟ್ಲೆಂಡ್ ಬಿಟ್ಟು, ಕಾರ್ಖಾನೆ ಮುಚ್ಚಿಹೋದ ಈಗಿನ ಅಮೆರಿಕದ ಊರಿಗೆ ಕತೆ ತಂದರು. ವೇದಿಕೆಯ ಮೇಲೂ ಕ್ಯಾಮೆರಾ, ಅದರ ಚಿತ್ರ ಹಿಂದಿನ ಪರದೆಯಲ್ಲಿ. ನನಗೆ ಪೂರ್ತಿ ಒಗ್ಗಲಿಲ್ಲ. ಹಾಡುವವಳನ್ನು ನೋಡಬೇಕಾ, ಅವಳ ಸಿನಿಮಾ ನೋಡಬೇಕಾ? ನಡೀನ್ ಸಿಯೆರಾ ಹಾಡಿದ್ದು ಮಾತ್ರ ಚೆನ್ನಾಗಿದೆ. ನಿನ್ನ ವಯಸ್ಸಿನವರಿಗೆ ಹಿಡಿಸಬಹುದು.

'ನೋರ್ಮಾ'ಗೆ ವಾಪಸ್ ಬರುವಾಗ ನೀನು ನೋಡಿದ ರೆಕಾರ್ಡಿಂಗ್ ಬಿಡು. 1974ರಲ್ಲಿ ಫ್ರಾನ್ಸಿನ ಒರಾಂಜ್‌ನಲ್ಲಿ ಚಿತ್ರೀಕರಿಸಿದ್ದು ಹುಡುಕು, ಮೊಂಟ್ಸೆರಾಟ್ ಕಬಾಯೆ ಹಾಡಿದ್ದು. ಬಯಲು ರಂಗಮಂದಿರ. ಆ ರಾತ್ರಿ ಮಿಸ್ತ್ರಾಲ್ ಗಾಳಿ ಹುಚ್ಚಾಪಟ್ಟೆ ಬೀಸಿ, ಮೇಲುವಸ್ತ್ರ, ಸೆರಗು ಎಲ್ಲ ಹಾರಾಡುತ್ತಿವೆ. ಗಾಯಕರಿಗೆ ಗಾಳಿ ಅಂದರೆ ಯಮ. ಆಯಮ್ಮ ಮಾತ್ರ ಕಂಬದ ಹಾಗೆ ನಿಂತು, ಎಳೆ ಎಳೆಯಾಗಿ ಸ್ವರ ಬಿಡುತ್ತಾರೆ, ಅಷ್ಟು ಮೆತ್ತಗೆ! ಚಿತ್ರ ಹಳೆಯದು, ಬಣ್ಣ ಮಾಸಿದೆ, ಅದರ ಬಗ್ಗೆ ದೂರು ಬೇಡ. ಒಂದು ತಮಾಷೆ ಗಮನಿಸು: ಆ ರಂಗಮಂದಿರ ಕಟ್ಟಿದವರು ರೋಮನ್ನರೇ, ಅದೂ ಗಾಲ್ ನಾಡಿನಲ್ಲಿ. ಅವರ ಗೋಡೆಯ ಮುಂದೆಯೇ ನಿಂತು ರೋಮ್ ಹಾಳಾಗಲಿ ಅಂತ ಹಾಡುತ್ತಿದ್ದಾರೆ.

ಮಾರಿಯಾ ಕಾಲಸ್ ಹಾಡಿದ 'ನೋರ್ಮಾ' ಎಲ್ಲಿ ಅಂತ ಕೇಳುತ್ತೀಯ. ಧ್ವನಿ ಇದೆ, ವೇದಿಕೆಯ ಪೂರ್ತಿ ಚಿತ್ರ ಇಲ್ಲ. ಅದೇ ದುಃಖ. ಮೂಲೆ ಸೇರಿದ್ದ ಈ ಆಪೆರಾಗಳಿಗೆ 1950ರ ದಶಕದಲ್ಲಿ ಜೀವ ಕೊಟ್ಟವರು ಕಾಲಸ್, ಆದರೆ ಕಣ್ಣಿಗೆ ಉಳಿದಿದ್ದು 1958ರ ಪ್ಯಾರಿಸ್ ಗಾನಗೋಷ್ಠಿಯಂಥವು. ಅದರಲ್ಲಿ 'ಕಾಸ್ತಾ ದೀವಾ' ಇದೆ. ತುಣುಕು ನೋಡಬೇಡ ಅಂದೆನಲ್ಲ, ಇದೊಂದಕ್ಕೆ ರಿಯಾಯಿತಿ. ನಿಮ್ಮ ಮಿಲಾನ್‌ನ ಸ್ಕಾಲಾ ಆಪೆರಾ ಮಂದಿರದಲ್ಲೇ 1831ರಲ್ಲಿ ಹುಟ್ಟಿದ 'ನೋರ್ಮಾ'ವನ್ನು 1977ರ ಮೇಲೆ ಸ್ಕಾಲಾದವರು 2025ರವರೆಗೆ ಮುಟ್ಟಲಿಲ್ಲ ಅಂದರೆ, ಆ ಹೆಂಗಸಿನ ನೆನಪಿಗೆ ಅವರು ಎಷ್ಟು ಹೆದರಿದ್ದರೋ ಲೆಕ್ಕ ಹಾಕು.

ನಗಬೇಕು ಅನಿಸಿದ ದಿನ ರೊಸ್ಸೀನಿಯ 'ಬಾರ್ಬರ್ ಆಫ್ ಸೆವಿಲ್' ಹಾಕಿಕೋ. ಎರಡು ಹೇಳುತ್ತೇನೆ. 2009ರಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್ ಆಪೆರಾ ಮಂದಿರದಲ್ಲಿ ಮೊದಲ ರಾತ್ರಿಯೇ ಜಾಯ್ಸ್ ಡಿಡೊನಾಟೊ ವೇದಿಕೆಯಲ್ಲಿ ಕಾಲು ಮುರಿದುಕೊಂಡರು, ಹಾಗೇ ಕುಂಟುತ್ತಾ ಆಟ ಮುಗಿಸಿದರು. ಉಳಿದ ಪ್ರದರ್ಶನಗಳಿಗೆ ಗಾಲಿ ಕುರ್ಚಿ. ವಿಡಿಯೊ ಮಾಡಿದ್ದೂ ಹಾಗೇ. ಮುದಿ ಪೋಷಕ ಮನೆಯಲ್ಲಿ ಕೂಡಿಹಾಕಿದ ಹುಡುಗಿ ರೊಸೀನಾಗೆ ಆ ಕುರ್ಚಿ ಹೇಳಿ ಮಾಡಿಸಿದಂತಿದೆ, ಸಿಟ್ಟು ಬಂದಾಗ ಚಕ್ರವನ್ನೇ ತಿರುಗಿಸುತ್ತಾರೆ. ಇನ್ನೊಂದು 2020ರ ಡಿಸೆಂಬರ್‌ನಲ್ಲಿ ರೋಮ್ ಆಪೆರಾದವರು ಕೊರೊನಾ ಕಾಲಕ್ಕೆ ಟಿವಿಗಾಗಿ ಮಾಡಿದ್ದು, ಮಾರಿಯೊ ಮಾರ್ತೋನೆ ನಿರ್ದೇಶನ. ಖಾಲಿ ಥಿಯೇಟರು. ಇಡೀ ಸಭಾಂಗಣದ ಉದ್ದಗಲಕ್ಕೂ ಹಗ್ಗ ಕಟ್ಟಿ, ಅದರ ನಡುವೆ ಓಡಾಡಿಕೊಂಡು ಹಾಡುತ್ತಾರೆ. ಚಪ್ಪಾಳೆ ಇಲ್ಲದ ರೊಸ್ಸೀನಿ ಸಪ್ಪೆ ಅಂದುಕೊಂಡು ಕೂತೆ, ಒಮ್ಮೆಯೂ ಹಾಗನಿಸಲಿಲ್ಲ. ನಿರ್ದೇಶಕ ಪೊನ್ನೆಲ್ ಅವರ 1972ರ 'ಬಾರ್ಬರ್' ಕೂಡ ಎಲ್ಲರೂ ಹೊಗಳುತ್ತಾರೆ, ನಿಜಕ್ಕೂ ಸೊಗಸು. ಆದರೆ ಅದು ಸ್ಟುಡಿಯೊ ಸಿನಿಮಾ, ಮೊದಲೇ ಹಾಡಿಟ್ಟದ್ದಕ್ಕೆ ತುಟಿ ಆಡಿಸಿದ್ದು. ಉಸಿರು ಕಾಣುವುದಿಲ್ಲ. ಅದನ್ನು ಕೊನೆಗೆ ನೋಡು.

ನೋಡುವ ಕ್ರಮ ಅಂತ ದೊಡ್ಡದೇನೂ ಇಲ್ಲ. ಕತೆ ಮೊದಲೇ ಓದಿಕೋ, ಇಲ್ಲಿ ಗುಟ್ಟೇನೂ ಇರುವುದಿಲ್ಲ. ಮೊದಲ ಸಲ ಸಬ್‌ಟೈಟಲ್ ಇರಲಿ. ಇಷ್ಟವಾದ ದೃಶ್ಯವನ್ನು ಎರಡನೇ ಸಲ ಸಬ್‌ಟೈಟಲ್ ತೆಗೆದು ನೋಡು, ಕಣ್ಣು ಕೆಳಗಿನ ಸಾಲಿನಿಂದ ಮೇಲೆ ಏಳುತ್ತದೆ. ಒಂದೇ ರಾತ್ರಿ ಮುಗಿಸಲೇಬೇಕು ಅಂತಲೂ ಇಲ್ಲ. ಅಂಕಕ್ಕೊಂದು ದಿನ ಇಟ್ಟುಕೋ, ಅಂಕದ ಮಧ್ಯೆ ಮಾತ್ರ ಏಳಬೇಡ. ಲ್ಯಾಪ್‌ಟಾಪಿನ ಸ್ಪೀಕರ್ ಸಾಲದು, ಹೆಡ್‌ಫೋನ್ ಹಾಕಿಕೋ. ದುಡ್ಡು ಕೊಡದೆ ನೋಡಲು ಆಪೆರಾವಿಷನ್ ಅಂತ ಜಾಲತಾಣ ಇದೆ, ಯುರೋಪಿನ ಥಿಯೇಟರುಗಳ ಹೊಸ ಪ್ರದರ್ಶನಗಳನ್ನು ಕೆಲವು ತಿಂಗಳ ಕಾಲ ಇಟ್ಟಿರುತ್ತಾರೆ.

ಒಂದು ಮಾತ್ರ ವಿಡಿಯೊದಿಂದ ಗೊತ್ತಾಗುವುದಿಲ್ಲ: ಧ್ವನಿ ಎಷ್ಟು ದೊಡ್ಡದು ಅಂತ. ಮೈಕ್ ಎಲ್ಲರನ್ನೂ ಒಂದೇ ಅಳತೆಗೆ ತಂದುಬಿಡುತ್ತದೆ. ಅಲ್ಲದೆ ಡಿವಿಡಿಗಳನ್ನು ಹಲವು ಸಲ ಎರಡು ಮೂರು ರಾತ್ರಿಗಳಿಂದ ಆಯ್ದು ಜೋಡಿಸಿರುತ್ತಾರೆ, ಒಡೆದ ಸ್ವರ ಇದ್ದರೂ ನಮ್ಮವರೆಗೆ ಬರುವುದಿಲ್ಲ. ಮೈಕಿಲ್ಲದೆ ಒಬ್ಬಳು ಇಡೀ ವಾದ್ಯವೃಂದ ದಾಟಿ ಕೊನೆಯ ಸಾಲಿಗೆ ಮುಟ್ಟುವುದನ್ನು ಕೇಳಲು ನೀನು ಸ್ಕಾಲಾಗೇ ಹೋಗಬೇಕು. ನಿನಗೆ 30 ಆಗಿಲ್ಲ, ಡಿಸೆಂಬರ್ 7ಕ್ಕೆ ಅಲ್ಲಿ ವರ್ಷದ ಆಪೆರಾ ಹಂಗಾಮು ಶುರುವಾಗುವ ಮುಂಚೆ ನಿಮ್ಮಂಥವರಿಗೇ ಅಂತ ಒಂದು ಪ್ರದರ್ಶನ ಇಡುತ್ತಾರೆ, ಟಿಕೆಟ್ ಬಿಟ್ಟ ದಿನವೇ ನೋಡು. ಅದರಲ್ಲಿ ಬೆಲ್ ಕಾಂತೋ ಇರದಿರಬಹುದು, ಪರವಾಗಿಲ್ಲ. ಗ್ಯಾಲರಿಯ ಅಗ್ಗದ ಸೀಟಿನಿಂದ ವೇದಿಕೆ ಅರ್ಧವೂ ಕಾಣುವುದಿಲ್ಲ, ಕೇಳಿಸುವುದು ಮಾತ್ರ ಭರ್ಜರಿ.

ಬೆರ್ಗಮೋ ನಿನಗೆ ರೈಲಿನಲ್ಲಿ ಒಂದು ಗಂಟೆಯೂ ಇಲ್ಲ, ಡೊನಿಝೆಟ್ಟಿಯ ಊರು, ನವೆಂಬರ್‌ನಲ್ಲಿ ಅವನ ಹೆಸರಿನ ಉತ್ಸವ ನಡೆಯುತ್ತದೆ. ರೊಸ್ಸೀನಿಯ ಪೆಸರೋದಲ್ಲಿ ಆಗಸ್ಟ್‌ನಲ್ಲಿ. ಪೆಸರೋಗೆ ಹೋಗುವುದಾದರೆ ರೂಮು ಈಗಲೇ ನೋಡಿಕೋ, ಸಮುದ್ರದ ಊರು, ರಜೆಯ ತಿಂಗಳು, ಕೊನೆಗಳಿಗೆಯಲ್ಲಿ ಸಿಗುವುದಿಲ್ಲ. ನಿಮ್ಮಪ್ಪ ದುಡ್ಡು ಹಾಳು ಅಂತ ಗೊಣಗಿದರೆ ನನಗೆ ಹೇಳು, ಅವನ ಹತ್ತಿರ ನಾನು ಮಾತಾಡುತ್ತೇನೆ.

ಇತಿ,
ನಿನ್ನ ದೊಡ್ಡಪ್ಪ